ಗೋಲ್ಡ್ ಸ್ಕೀಮ್‌ಗೆ ಕಟ್ಟಿದ ಹಣ ಅಂಗಡಿಯ ಲೆಕ್ಕದಲ್ಲಿ ಎಲ್ಲಿರುತ್ತದೆ? ಟಿ. ನಗರದ ಪ್ರಕರಣಗಳು ಹೇಳುವ ಪಾಠ

ಚೆನ್ನೈ: ಮದುವೆ ಸೀಸನ್ ಹತ್ತಿರ ಬಂದರೆ ಟಿ. ನಗರದ ಉಸ್ಮಾನ್ ರಸ್ತೆಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಪನಗಲ್ ಪಾರ್ಕ್‌ನಿಂದ ರಂಗನಾಥನ್ ಬೀದಿಯವರೆಗೆ ರೇಷ್ಮೆ ಸೀರೆ ಮತ್ತು ಚಿನ್ನದ ಅಂಗಡಿಗಳದ್ದೇ ಸಾಮ್ರಾಜ್ಯ. ಬೆಂಗಳೂರು, ಹೊಸೂರು ಕಡೆಯಿಂದಲೂ ಕುಟುಂಬಗಳು ಇಲ್ಲಿಗೆ ಖರೀದಿಗೆ ಬರುತ್ತವೆ. ದೊಡ್ಡ ಚಿನ್ನದಂಗಡಿಗಳಲ್ಲಿ ಸಾಮಾನ್ಯವಾಗಿ ಒಂದು ಪ್ರತ್ಯೇಕ ಕೌಂಟರ್ ಇರುತ್ತದೆ. ಅಲ್ಲಿ ಒಡವೆ ಮಾರುವುದಿಲ್ಲ, ತಿಂಗಳ ಕಂತು ಕಟ್ಟಿಸಿಕೊಳ್ಳುತ್ತಾರೆ. 'ಗೋಲ್ಡ್ ಸ್ಕೀಮ್' ಎಂದೋ 'ಚಿನ್ನದ ಚೀಟಿ' ಎಂದೋ ಜನ ಕರೆಯುವ ಉಳಿತಾಯ ಇದು.

ಈ ಕೌಂಟರ್‌ನಲ್ಲಿ ನೀವು 5,000 ರೂ. ಕಟ್ಟಿದಿರಿ ಎಂದಿಟ್ಟುಕೊಳ್ಳಿ. ಅಂಗಡಿಯ ಆದಾಯ 5,000 ರೂ. ಹೆಚ್ಚಿತೇ?

ಹೆಚ್ಚಿನವರ ಉತ್ತರ 'ಹೌದು'. ಲೆಕ್ಕಶಾಸ್ತ್ರದ ಉತ್ತರ 'ಇಲ್ಲ'. ಈ ಎರಡು ಉತ್ತರಗಳ ನಡುವಿನ ವ್ಯತ್ಯಾಸ ಗೊತ್ತಿಲ್ಲದೇ ಹೋದರೆ ಸಾಮಾನ್ಯ ಮನೆಗಳ ಉಳಿತಾಯ ಅಪಾಯಕ್ಕೆ ಸಿಲುಕುತ್ತದೆ. ಬ್ಯಾಂಕುಗಳೂ ಇದೇ ಬಗೆಯ ಲೆಕ್ಕದಲ್ಲಿ ಎಡವಿವೆ.

ಒಂದು ವಹಿವಾಟು, ಎರಡು ನಮೂದು

ಪಿಯುಸಿಯಲ್ಲಿ ಕಾಮರ್ಸ್ ಓದಿದವರಿಗೆ ಈ ಸೂತ್ರ ನೆನಪಿರುತ್ತದೆ: ಆಸ್ತಿ = ಹೊಣೆಗಾರಿಕೆ + ಮಾಲೀಕರ ಬಂಡವಾಳ. ವ್ಯಾಪಾರದ ಪ್ರತಿ ವಹಿವಾಟೂ ಎರಡು ಕಡೆ ನಮೂದಾಗುತ್ತದೆ. ಎರಡೂ ಕಡೆಯ ಮೊತ್ತ ಸದಾ ತಾಳೆಯಾಗಬೇಕು.

ನೀವು ಕಟ್ಟಿದ 5,000 ರೂ.ಗೆ ಇದನ್ನು ಅನ್ವಯಿಸೋಣ. ಅಂಗಡಿಯ ನಗದು 5,000 ರೂ. ಹೆಚ್ಚಿತು, ಅಂದರೆ ಆಸ್ತಿ ಹೆಚ್ಚಿತು. ಆದರೆ ನಿಮಗೆ ಇನ್ನೂ ಒಡವೆ ಕೊಟ್ಟಿಲ್ಲ. ಹಾಗಾಗಿ ಅಷ್ಟೇ ಮೊತ್ತ 'ಗ್ರಾಹಕರಿಂದ ಪಡೆದ ಮುಂಗಡ' ಎಂದು ಹೊಣೆಗಾರಿಕೆಯ ಕಡೆಗೂ ಸೇರುತ್ತದೆ. ಲಾಭ-ನಷ್ಟ ತಖ್ತೆಯಲ್ಲಿ ಒಂದು ಪೈಸೆಯೂ ಕಾಣುವುದಿಲ್ಲ. ಸರಳವಾಗಿ ಹೇಳುವುದಾದರೆ, ನೀವು ಅಂಗಡಿಗೆ ಸಾಲ ಕೊಟ್ಟಿದ್ದೀರಿ.

11 ತಿಂಗಳು ಕಟ್ಟಿದ ಮೇಲೆ ಒಟ್ಟು 55,000 ರೂ. ಆಯಿತು. ತೆರಿಗೆಯನ್ನು ಸದ್ಯ ಬದಿಗಿಟ್ಟು, ಆ ಮೊತ್ತಕ್ಕೆ ನೀವು ಸರ ಖರೀದಿಸಿದಿರಿ ಎನ್ನೋಣ. ಅಂಗಡಿಗೆ ಆ ಸರದ ಖರ್ಚು 48,000 ರೂ. ಈಗ ನಾಲ್ಕು ಬದಲಾವಣೆ ಒಟ್ಟಿಗೇ ಆಗುತ್ತವೆ. ಮುಂಗಡದ ಹೊಣೆ 55,000 ರೂ. ಕಡಿಮೆಯಾಗುತ್ತದೆ. ಅದೇ ಮೊತ್ತ ಮಾರಾಟದ ಆದಾಯವಾಗುತ್ತದೆ. ದಾಸ್ತಾನು 48,000 ರೂ. ಇಳಿದು ಮಾರಾಟದ ವೆಚ್ಚವಾಗುತ್ತದೆ. ಉಳಿದ 7,000 ರೂ. ಲಾಭವಾಗಿ ಮಾಲೀಕರ ಬಂಡವಾಳಕ್ಕೆ ಸೇರುತ್ತದೆ.

ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ಮಾರಾಟದ ದಿನ ಅಂಗಡಿಯ ಗಲ್ಲಾಪೆಟ್ಟಿಗೆಗೆ ಹೊಸ ಹಣ ಬರಲೇ ಇಲ್ಲ. ಹಣ ಬಂದ 11 ತಿಂಗಳು ಆದಾಯ ಇರಲಿಲ್ಲ, ಆದಾಯ ಬಂದ ದಿನ ಹಣ ಇರಲಿಲ್ಲ. ಕೈಗೆ ಬಂದ ಹಣ ಬೇರೆ, ಗಳಿಸಿದ ಆದಾಯ ಬೇರೆ ಎನ್ನುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ. ತೆರಿಗೆ ಕಾನೂನು ಕೂಡ ಈ ವ್ಯತ್ಯಾಸವನ್ನು ಒಪ್ಪುತ್ತದೆ. ಸರಕಿಗೆ ಪಡೆದ ಮುಂಗಡದ ಮೇಲೆ ಜಿಎಸ್‌ಟಿ ಕಟ್ಟುವ ನಿಯಮವನ್ನು 2017ರ ನವೆಂಬರ್‌ನಲ್ಲೇ ಕೈಬಿಡಲಾಗಿದೆ. ಒಡವೆಯ ಬಿಲ್ ಆದಾಗಲೇ ಶೇ 3ರ ತೆರಿಗೆ.

ಯೋಜನೆ 11 ತಿಂಗಳದ್ದೇ ಯಾಕೆ?

ಹೆಚ್ಚಿನ ಸ್ಕೀಮ್‌ಗಳು ಒಂದು ವರ್ಷದೊಳಗೆ ಮುಗಿಯಲು ಕಾರಣವಿದೆ. ಕಂಪನಿಗಳ ಠೇವಣಿ ಸ್ವೀಕಾರ ನಿಯಮಗಳು (2014) ಪ್ರಕಾರ, ಸರಕಿಗಾಗಿ ಪಡೆದ ಮುಂಗಡವನ್ನು 365 ದಿನಗಳೊಳಗೆ ಆ ಸರಕಿನ ಲೆಕ್ಕಕ್ಕೆ ಹೊಂದಿಸಬೇಕು. ಇಲ್ಲದಿದ್ದರೆ ಅದು ಮುಂಗಡವಾಗಿ ಉಳಿಯದೆ 'ಠೇವಣಿ' ಆಗುತ್ತದೆ. ಸಾರ್ವಜನಿಕರಿಂದ ಠೇವಣಿ ಪಡೆಯಲು ಬೇರೆಯದೇ ಕಠಿಣ ನಿಯಮಗಳಿವೆ. ಇದಲ್ಲದೆ, ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾಯ್ದೆಯೂ 2019ರಲ್ಲಿ ಬಂದಿದೆ.

ಹೀಗಾಗಿ ಯಾರಾದರೂ 'ಎರಡು ವರ್ಷ ಇಡಿ, ಬಡ್ಡಿ ಕೊಡುತ್ತೇವೆ' ಎಂದರೆ ಅದು ಒಡವೆಯ ಮುಂಗಡ ಅಲ್ಲ ಎಂದು ಅಲ್ಲಿಯೇ ಎಚ್ಚೆತ್ತುಕೊಳ್ಳಬೇಕು.

ಇನ್ನೊಂದು ಮುಖ್ಯ ವ್ಯತ್ಯಾಸವೂ ಇದೆ. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂ.ವರೆಗೆ ವಿಮೆ ಇದೆ, ಚಿನ್ನದಂಗಡಿಯ ಮುಂಗಡಕ್ಕೆ ಇಲ್ಲ. ಅಂಗಡಿ ಬ್ಯಾಂಕ್ ಸಾಲ ಪಡೆದಿದ್ದರೆ ಅದರ ದಾಸ್ತಾನು ಸಾಮಾನ್ಯವಾಗಿ ಬ್ಯಾಂಕಿಗೆ ಅಡವಾಗಿರುತ್ತದೆ. ಅಂಗಡಿ ಮುಚ್ಚಿದರೆ ಶೋಕೇಸಿನಲ್ಲಿ ಕಂಡ ಚಿನ್ನದ ಮೇಲೆ ಮೊದಲ ಹಕ್ಕು ಬ್ಯಾಂಕಿನದು. ಕಂತು ಕಟ್ಟಿದವರು ಭದ್ರತೆಯಿಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕು.

ಬೆಲೆ ಏರಿದರೆ ಅಂಗಡಿಗೆ ಲಾಭವೇ?

10 ಗ್ರಾಂ ಅಪರಂಜಿ ಚಿನ್ನದ ದರ 2025ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಲಕ್ಷ ರೂ. ಮುಟ್ಟಿತು. 'ಚಿನ್ನದಂಗಡಿಯವರಿಗೆ ಸುಗ್ಗಿ' ಎಂಬ ಮಾತು ಎಲ್ಲೆಡೆ ಕೇಳಿಬಂತು. ಆದರೆ ಲೆಕ್ಕಪತ್ರ ಬೇರೆ ಮಾತು ಹೇಳುತ್ತದೆ.

ಮೊದಲನೆಯದಾಗಿ, ದಾಸ್ತಾನನ್ನು ಖರೀದಿ ವೆಚ್ಚ ಅಥವಾ ಮಾರಿದರೆ ಸಿಗಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಆ ದರಕ್ಕೆ ತೋರಿಸಬೇಕು. ದರ ಏರಿತೆಂದು ಕಪಾಟಿನ ಚಿನ್ನದ ಬೆಲೆಯನ್ನು ಪುಸ್ತಕದಲ್ಲಿ ಏರಿಸುವಂತಿಲ್ಲ. ಮಾರಿದಾಗಲಷ್ಟೇ ಲಾಭ.

ಎರಡನೆಯದಾಗಿ, ಕೆಲವು ಸ್ಕೀಮ್‌ಗಳಲ್ಲಿ ಪ್ರತಿ ಕಂತನ್ನೂ ಆ ದಿನದ ದರದಲ್ಲಿ ಗ್ರಾಂಗೆ ಬದಲಾಯಿಸುತ್ತಾರೆ. ಗ್ರಾಂಗೆ 7,000 ರೂ. ಇದ್ದಾಗ ನೀವು 7,000 ರೂ. ಕಟ್ಟಿದರೆ ಅಂಗಡಿ ನಿಮಗೆ ಒಂದು ಗ್ರಾಂ ಚಿನ್ನ ಕೊಡಬೇಕು. ದರ 10,000 ರೂ.ಗೆ ಏರಿದ ದಿನವೂ ಕೊಡಬೇಕಾದದ್ದು ಅದೇ ಒಂದು ಗ್ರಾಂ. ಅಂಗಡಿಯವರು ಅಂದೇ ಚಿನ್ನ ಕೊಂಡಿಟ್ಟಿದ್ದರೆ ತೊಂದರೆಯಿಲ್ಲ. ಆ ಹಣ ಬಾಡಿಗೆಗೋ ಜಾಹೀರಾತಿಗೋ ಹೊಸ ಶಾಖೆಗೋ ಖರ್ಚಾಗಿದ್ದರೆ ಪ್ರತಿ ಗ್ರಾಂಗೆ 3,000 ರೂ. ಕೈಯಿಂದ ಹಾಕಬೇಕು. ದರ ಏರಿದಷ್ಟೂ ಹೊರೆ ಏರುತ್ತದೆ. ಹಳೇ ಗ್ರಾಹಕರ ಒಡವೆಗೆ ಹೊಸ ಗ್ರಾಹಕರ ಕಂತು ಬಳಸುವ ಅಡ್ಡದಾರಿ ಶುರುವಾಗುವುದೇ ಇಲ್ಲಿ.

ಬ್ಯಾಂಕುಗಳನ್ನೇ ಎಡವಿಸಿದ 'ದಾಸ್ತಾನು'

ಹೊಣೆಗಾರಿಕೆಯ ಕಡೆ ಮುಂಗಡ ಎಷ್ಟು ಮುಖ್ಯವೋ ಆಸ್ತಿಯ ಕಡೆ ದಾಸ್ತಾನು ಅಷ್ಟೇ ಮುಖ್ಯ. ಅದಕ್ಕೆ ಟಿ. ನಗರದಲ್ಲೇ ಉದಾಹರಣೆ ಇದೆ.

ಟಿ. ನಗರದಲ್ಲಿ ನೋಂದಾಯಿತ ಕಚೇರಿ ಹೊಂದಿದ್ದ ಕನಿಷ್ಕ್ ಗೋಲ್ಡ್ ಪ್ರೈವೇಟ್ ಲಿಮಿಟೆಡ್ ವಿರುದ್ಧ 2018ರ ಜನವರಿಯಲ್ಲಿ ಎಸ್‌ಬಿಐ ಸಿಬಿಐಗೆ ದೂರು ಕೊಟ್ಟಿತು. ಮಾರ್ಚ್‌ನಲ್ಲಿ ಪ್ರಕರಣ ಬೆಳಕಿಗೆ ಬಂತು. 14 ಬ್ಯಾಂಕುಗಳ ಒಕ್ಕೂಟದಿಂದ ಪಡೆದ 824.15 ಕೋಟಿ ರೂ. ಸಾಲದ ಪ್ರಶ್ನೆ ಅದು. ಉಡುಪಿಯಲ್ಲಿ ಹುಟ್ಟಿದ, ಈಗ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿರುವ ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ ಕೂಡ ಆ 14ರಲ್ಲಿದ್ದವು.

ದೂರಿನ ಪ್ರಕಾರ, 2017ರ ಮಾರ್ಚ್‌ನಲ್ಲಿ ಬಡ್ಡಿ ಪಾವತಿ ತಪ್ಪತೊಡಗಿತು. ಅದೇ ವರ್ಷ ಮೇ 25ರಂದು ಬ್ಯಾಂಕ್ ಅಧಿಕಾರಿಗಳು ಕಚೇರಿ, ಕಾರ್ಖಾನೆ ಮತ್ತು ಮಳಿಗೆಗೆ ಹೋದಾಗ ಎಲ್ಲವೂ ಮುಚ್ಚಿದ್ದವು. ದಾಖಲೆ ತಿದ್ದಿದ್ದನ್ನೂ ದಾಸ್ತಾನು ತೆಗೆದದ್ದನ್ನೂ ಪ್ರವರ್ತಕರು ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ ಎಂಬುದು ಬ್ಯಾಂಕಿನ ಆರೋಪ. 2009ರಿಂದಲೇ ಲೆಕ್ಕಪತ್ರ ತಿರುಚಲಾಗಿತ್ತು ಎಂದೂ ದೂರಿನಲ್ಲಿ ಹೇಳಲಾಗಿತ್ತು.

ಇನ್ನೊಂದು ಪ್ರಕರಣ ಸರವಣ ಸ್ಟೋರ್ಸ್ (ಗೋಲ್ಡ್ ಪ್ಯಾಲೇಸ್) ಸಂಸ್ಥೆಯದು. 2016-17ರ ಬ್ಯಾಲೆನ್ಸ್ ಶೀಟ್ ತಿರುಚಿ ಇಂಡಿಯನ್ ಬ್ಯಾಂಕಿನಿಂದ ಸಾಲ ಪಡೆದ ಆರೋಪದ ಮೇಲೆ 234.75 ಕೋಟಿ ರೂ. ಮೌಲ್ಯದ ಆಸ್ತಿಯನ್ನು ತಾತ್ಕಾಲಿಕವಾಗಿ ಜಪ್ತಿ ಮಾಡಿರುವುದಾಗಿ ಜಾರಿ ನಿರ್ದೇಶನಾಲಯ 2022ರ ಜುಲೈನಲ್ಲಿ ಹೇಳಿತ್ತು. ಇದನ್ನು ಹೋಲುವ ಹೆಸರಿನ ಬೇರೆ ಮಳಿಗೆಗಳೂ ಇವೆ. ಈ ಮಾತು ಈ ಒಂದು ಸಂಸ್ಥೆಗೆ ಸಂಬಂಧಿಸಿದ್ದು. ಎರಡೂ ಕಡೆ ಇಲ್ಲಿ ಹೇಳಿರುವುದು ಬ್ಯಾಂಕ್ ಮತ್ತು ತನಿಖಾ ಸಂಸ್ಥೆಯ ಆರೋಪಗಳು.

ಒಂದು ಅಂಕಿ ಬದಲಾದರೆ ಏನಾಗುತ್ತದೆ?

ಪ್ರಕರಣಗಳನ್ನು ಬದಿಗಿಟ್ಟು ಒಂದು ಕಾಲ್ಪನಿಕ ಅಂಗಡಿಯ ಲೆಕ್ಕ ಮಾಡೋಣ. ವರ್ಷದ ಆರಂಭದ ದಾಸ್ತಾನು 10 ಕೋಟಿ ರೂ., ಖರೀದಿ 50 ಕೋಟಿ, ವರ್ಷಾಂತ್ಯದ ದಾಸ್ತಾನು 15 ಕೋಟಿ. ಹಾಗಾದರೆ ಮಾರಿದ ಸರಕಿನ ವೆಚ್ಚ 45 ಕೋಟಿ. ಮಾರಾಟ 50 ಕೋಟಿ ಇದ್ದರೆ ಲಾಭ 5 ಕೋಟಿ.

ಈಗ ವರ್ಷಾಂತ್ಯದ ದಾಸ್ತಾನನ್ನು 15ರ ಬದಲು 20 ಕೋಟಿ ಎಂದು ಬರೆಯಿರಿ. ವೆಚ್ಚ 40 ಕೋಟಿಗೆ ಇಳಿಯುತ್ತದೆ, ಲಾಭ 10 ಕೋಟಿಯಾಗುತ್ತದೆ. ಒಂದು ಗ್ರಾಂ ಹೆಚ್ಚು ಮಾರದೆಯೇ ಲಾಭ ದುಪ್ಪಟ್ಟು! ಆಸ್ತಿ 5 ಕೋಟಿ ಹೆಚ್ಚಿತು, ಬಂಡವಾಳವೂ 5 ಕೋಟಿ ಹೆಚ್ಚಿತು. ಬ್ಯಾಲೆನ್ಸ್ ಶೀಟ್ ಅಚ್ಚುಕಟ್ಟಾಗಿ ತಾಳೆಯಾಗುತ್ತದೆ. ಲೆಕ್ಕ ತಾಳೆಯಾದರೆ ಸಾಕು, ಎಲ್ಲ ಸರಿಯಿದೆ ಎಂದು ನಂಬುವವರು ಮೋಸ ಹೋಗುವುದು ಇಲ್ಲೇ.

ಬ್ಯಾಂಕ್ ಸಾಲದ ಮಿತಿಯೂ ಇದೇ ಅಂಕಿಯ ಮೇಲೆ ನಿಂತಿರುತ್ತದೆ. ದಾಸ್ತಾನು ಮತ್ತು ಬರಬೇಕಾದ ಬಾಕಿಯಿಂದ ಒಂದು ಪಾಲನ್ನು ಮಾರ್ಜಿನ್ ಎಂದು ಕಳೆದು 'ಡ್ರಾಯಿಂಗ್ ಪವರ್' ನಿಗದಿ ಮಾಡುತ್ತಾರೆ. ಮಾರ್ಜಿನ್ ಶೇ 25 ಎಂದುಕೊಂಡರೆ, ಇಲ್ಲದ 5 ಕೋಟಿ ದಾಸ್ತಾನು 3.75 ಕೋಟಿ ರೂ. ಹೆಚ್ಚುವರಿ ಸಾಲ ತಂದುಕೊಡುತ್ತದೆ.

ಆದರೆ ಈ ಸುಳ್ಳಿಗೆ ಆಯಸ್ಸು ಕಡಿಮೆ. ಈ ವರ್ಷದ ಕೊನೆಯ ದಾಸ್ತಾನೇ ಮುಂದಿನ ವರ್ಷದ ಆರಂಭದ ದಾಸ್ತಾನು. ಮುಂದಿನ ವರ್ಷ ನಿಜ ಬರೆದರೆ 5 ಕೋಟಿ ನಷ್ಟ ಒಮ್ಮೆಲೇ ಹೊರಬೀಳುತ್ತದೆ. ಮುಚ್ಚಿಡಬೇಕೆಂದರೆ ಮತ್ತೆ ಉಬ್ಬಿಸಬೇಕು. ಸಾಲದ ಬಡ್ಡಿ ಮಾತ್ರ ನಿಜವಾದ ನಗದಿನಲ್ಲೇ ಕಟ್ಟಬೇಕು.

ಇದನ್ನು ಹಿಡಿದುಕೊಡುವುದು ನಗದು ಹರಿವಿನ ತಖ್ತೆ. ಲಾಭ ವರ್ಷ ವರ್ಷ ಏರುತ್ತಿದ್ದು, ವ್ಯವಹಾರದಿಂದ ಬರುವ ನಗದು ಮಾತ್ರ ಸತತವಾಗಿ ಕಡಿಮೆಯಾಗುತ್ತಿದ್ದರೆ ಆ ಲಾಭ ಎಲ್ಲಿ ಕುಳಿತಿದೆ ಎಂದು ಕೇಳಬೇಕು. ನಿಜವಾಗಿ ಬೆಳೆಯುತ್ತಿರುವ ಅಂಗಡಿಯಲ್ಲೂ ಹೀಗಾಗಬಹುದು. ಅದಕ್ಕೇ ತೂಕ ಹಾಕಿ ದಾಸ್ತಾನು ಪರಿಶೀಲಿಸುವುದು ಕಾಗದದ ಲೆಕ್ಕದಷ್ಟೇ ಮುಖ್ಯ.

ಬೆಂಗಳೂರು ಮರೆಯಬಾರದ ಮೂರನೇ ಕಾಲಂ

ನಿಮ್ಮ ಹಣ ಹೊಣೆಗಾರಿಕೆಯ ಬದಲು ಬಂಡವಾಳದ ಕಾಲಂಗೆ ಹೋದರೆ? 2019ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬಯಲಾದ ಐಎಂಎ ಪ್ರಕರಣದಲ್ಲಿ ಆದದ್ದು ಇದೇ. ಸಾವಿರಾರು ಕೋಟಿ ರೂ. ಸಂಗ್ರಹಿಸಿದ ಆರೋಪ ಹೊತ್ತ ಈ ಸಂಸ್ಥೆ, ಹಣ ಹಾಕಿದವರನ್ನು ಎಲ್‌ಎಲ್‌ಪಿಗಳ ಪಾಲುದಾರರನ್ನಾಗಿ ತೋರಿಸಿತ್ತು. ಜನ ಇದನ್ನು ತಿಂಗಳ ಆದಾಯ ಕೊಡುವ ಠೇವಣಿ ಎಂದುಕೊಂಡಿದ್ದರು. ಕಾಗದದಲ್ಲಿ ಅವರು ನಷ್ಟಕ್ಕೂ ಪಾಲುದಾರರು.

ಸಾಲ ಕೊಟ್ಟವನು ವಾಪಸ್ ಕೇಳಬಹುದು. ಬಂಡವಾಳ ಹಾಕಿದವನು ಎಲ್ಲರ ಬಾಕಿ ತೀರಿದ ಮೇಲೆ ಉಳಿದದ್ದನ್ನು ಪಡೆಯಬೇಕು. ಶಿವಾಜಿನಗರದ ಕಚೇರಿ ಎದುರು ಸಾಲುಗಟ್ಟಿ ನಿಂತ ಕುಟುಂಬಗಳಿಗೆ ಈ ಒಂದು ಪದದ ಬೆಲೆ ಆಗ ಗೊತ್ತಾಯಿತು. ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆ ಇದೆ, ತಮಿಳುನಾಡಿನಲ್ಲಿ 1997ರ ಕಾಯ್ದೆ ಇದೆ. ಆದರೆ ಆಸ್ತಿ ಜಪ್ತಿ, ಹರಾಜು, ಹಂಚಿಕೆ ಎಲ್ಲ ಮುಗಿಯಲು ವರ್ಷಗಳೇ ಹಿಡಿಯುತ್ತವೆ.

ಕಂತು ಕಟ್ಟುವ ಮುನ್ನ ಇಷ್ಟು ನೋಡಿ

* ರಸೀದಿಯಲ್ಲಿ ಏನೆಂದು ಬರೆದಿದೆ? 'ಒಡವೆ ಖರೀದಿಗೆ ಮುಂಗಡ' ಎಂದಿರಬೇಕು. 'ಹೂಡಿಕೆ', 'ಪಾಲು' ಎಂದಿದ್ದರೆ ನಿಮ್ಮ ಹಕ್ಕೇ ಬೇರೆಯಾಗುತ್ತದೆ.
* ಅವಧಿ 365 ದಿನ ಮೀರುತ್ತದೆಯೇ? ಮೀರಿದರೆ ಯಾಕೆ ಎಂದು ಕೇಳಿ.
* ಕಂತು ರೂಪಾಯಿಯಲ್ಲಿ ಜಮೆಯಾಗುತ್ತದೆಯೋ ಗ್ರಾಂನಲ್ಲೋ? ಮೇಕಿಂಗ್ ಚಾರ್ಜ್, ವೇಸ್ಟೇಜ್ ರಿಯಾಯಿತಿ ಲಿಖಿತವಾಗಿದೆಯೇ?
* ಅಂಗಡಿ ಕಂಪನಿಯಾಗಿದ್ದರೆ ಅದು ಸಲ್ಲಿಸಿದ ಲೆಕ್ಕಪತ್ರವನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂ. ಶುಲ್ಕ ಕಟ್ಟಿ ನೋಡಬಹುದು. ಗ್ರಾಹಕರ ಮುಂಗಡ, ದಾಸ್ತಾನು, ಬ್ಯಾಂಕ್ ಸಾಲ, ವ್ಯವಹಾರದ ನಗದು ಈ ನಾಲ್ಕನ್ನು ಎರಡು-ಮೂರು ವರ್ಷಕ್ಕೆ ಹೋಲಿಸಿ.
* ಸ್ವಂತ ಮಾಲೀಕತ್ವದ ಅಥವಾ ಸಾಮಾನ್ಯ ಪಾಲುದಾರಿಕೆಯ ಅಂಗಡಿಯಾದರೆ ಹಾಗೆ ನೋಡಲು ಸಿಗುವುದಿಲ್ಲ. ಅಲ್ಲಿ ದೊಡ್ಡ ಮೊತ್ತ ಕಟ್ಟುವ ಮುನ್ನ ಎರಡು ಬಾರಿ ಯೋಚಿಸಿ.

ಟಿ. ನಗರವಿರಲಿ, ಬೆಂಗಳೂರಿನ ಅವೆನ್ಯೂ ರಸ್ತೆಯಿರಲಿ, ವರ್ಷಗಟ್ಟಲೆ ಗ್ರಾಹಕರಿಗೆ ಕೊಟ್ಟ ಮಾತಿನಂತೆ ಒಡವೆ ಕೊಡುತ್ತಿರುವ ಅಂಗಡಿಗಳು ಬಹಳಷ್ಟಿವೆ. ಎಲ್ಲರನ್ನೂ ಅನುಮಾನಿಸಬೇಕಿಲ್ಲ. ಆದರೆ ಪಕ್ಕದ ಮನೆಯವರು 55,000 ರೂ. ಸಾಲ ಕೇಳಿದರೆ ನಾವು ಹತ್ತು ಪ್ರಶ್ನೆ ಕೇಳುತ್ತೇವೆ. ಗೋಲ್ಡ್ ಸ್ಕೀಮ್ ಕೌಂಟರ್‌ನಲ್ಲಿ ಕಟ್ಟುವುದೂ 55,000 ರೂ. ಸಾಲವೇ. ಅಲ್ಲಿಯೂ ಅಷ್ಟೇ ಪ್ರಶ್ನೆ ಕೇಳಬೇಕು.