ಇನ್ನೊಂದು ತುದಿಯಲ್ಲಿ ನಿಂತವನು



ನನ್ನ ತಂಗಿಯನ್ನು ಕೊಟ್ಟಿರುವುದು ಬಿಳೂರಿಗೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಊರು ಅದು. ಸರ್ಕಾರದ ಕಾಗದಪತ್ರಗಳೆಲ್ಲ ಮರಾಠಿಯಲ್ಲಿದ್ದರೂ ಮನೆಯೊಳಗಿನ ಮಾತು, ಜಗಳ, ಜೋಗುಳ ಎಲ್ಲವೂ ಕನ್ನಡದಲ್ಲೇ. ದೀಪಾವಳಿ ರಜೆಯಲ್ಲಿ ನಾಲ್ಕು ದಿನ ಅಲ್ಲಿಗೆ ಹೋಗಿದ್ದೆ. ತಂಗಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಓದಿನಲ್ಲೂ ಮುಂದು, ಆಟದಲ್ಲೂ ಮುಂದು. ಚಿಕ್ಕವನಿಗೆ ಹನ್ನೆರಡು ವರ್ಷ. ಸಂಜೆ ಊರ ಹುಡುಗರ ಕ್ರಿಕೆಟ್ ನಡೆಯುವಾಗ ಜಾಲಿಕಂಟಿಯೊಳಗೆ ಬಿದ್ದ ಚೆಂಡನ್ನು ಹುಡುಕಿ ತರುವ ಕೆಲಸ ಯಾವಾಗಲೂ ಅವನದೇ.

ಒಂದು ಸಂಜೆ ಆಟ ನಡೆದಿದ್ದರೂ ಅವನು ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ.

"ಯಾಕೋ, ಮೋತಿ ಸಣ್ಣ ಮಾಡ್ಕೊಂಡ ಕುಂತಿ?" ಎಂದೆ.

"ರಜಾ ಮುಗದ ಮ್ಯಾಲ ಸಾಲೀ ಟೀಮು ಆಡಾಕ ಹೊಂಟೈತಿ ಮಾಮಾ. ನನ್ನ ಹನ್ನೆರಡನೇದಾಂವ ಮಾಡ್ಯಾರ. ಬರೇ ನೀರ ಕೊಡಾಕ ನಾ ಯಾಕ ಹೋಗ್ಲಿ?"

ಒಳಗಿನಿಂದ ಅವನಪ್ಪನ ದನಿ ಬಂತು. "ಅಣ್ಣನ್ನ ನೋಡಿ ಕಲೀ ಅಂತ ಎಷ್ಟ ಸಲ ಹೇಳೇನಿ!"

ಹುಡುಗ ತಲೆ ಎತ್ತಲಿಲ್ಲ. ಆಗ ಅವನಿಗೆ ಅವನ ಜಿಲ್ಲೆಯವರದೇ ಒಂದು ಕಥೆ ಹೇಳಿದೆ. ಅದನ್ನೇ ಈ ತಿಂಗಳು ನಿಮಗೂ ಹೇಳುತ್ತೇನೆ.

ವಿಜಯ್ ಹಜಾರೆ ಅವರ ಹೆಸರು ಕೇಳಿದ್ದೀರಿ. 1915ರಲ್ಲಿ ಸಾಂಗ್ಲಿಯಲ್ಲಿ ಹುಟ್ಟಿದವರು. ಶಾಲಾ ಮಾಸ್ತರರ ಮಗ, ಮರಾಠಿ ಕ್ರೈಸ್ತ ಮನೆತನ. 1952ರಲ್ಲಿ ಮದರಾಸಿನಲ್ಲಿ ಭಾರತ ತನ್ನ ಮೊಟ್ಟಮೊದಲ ಟೆಸ್ಟ್ ಪಂದ್ಯ ಗೆದ್ದಾಗ ನಾಯಕರಾಗಿದ್ದವರು ಅವರೇ. ಅದಕ್ಕೂ ಮೊದಲು, 1948ರ ಜನವರಿಯಲ್ಲಿ, ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಬ್ರಾಡ್ಮನ್ನರ ತಂಡದ ವಿರುದ್ಧ ಒಂದೇ ಟೆಸ್ಟಿನ ಎರಡೂ ಸರದಿಗಳಲ್ಲಿ ಶತಕ ಬಾರಿಸಿದ್ದರು. ಆದರೆ ನಾನು ಹೇಳಹೊರಟಿರುವುದು ಅವರ ಕಥೆಯಲ್ಲ, ಅವರ ಸಹೋದರ ವಿವೇಕ್ ಹಜಾರೆಯವರ ಕಥೆ.

ಆ ಕಾಲದಲ್ಲಿ ಮುಂಬಯಿಯಲ್ಲಿ ಪೆಂಟ್ಯಾಂಗ್ಯುಲರ್ ಎಂಬ ದೊಡ್ಡ ಪಂದ್ಯಾವಳಿ ನಡೆಯುತ್ತಿತ್ತು. ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ಎಂದು ಜಾತಿ ಜನಾಂಗದ ಲೆಕ್ಕದಲ್ಲಿ ತಂಡಗಳು. ಇವುಗಳಲ್ಲಿ ಯಾವುದಕ್ಕೂ ಸೇರದ ಕ್ರೈಸ್ತರು, ಯಹೂದಿಗಳು, ಬೌದ್ಧರು ಮುಂತಾದವರಿಗೆಲ್ಲ ಸೇರಿ ಒಂದು ತಂಡ. ಅದರ ಹೆಸರೇ 'ದಿ ರೆಸ್ಟ್', ಅಂದರೆ 'ಉಳಿದವರು'!

1943ರ ಡಿಸೆಂಬರಿನಲ್ಲಿ ಬ್ರೆಬೋರ್ನ್ ಮೈದಾನದಲ್ಲಿ ಹಿಂದೂ ತಂಡಕ್ಕೂ ಉಳಿದವರಿಗೂ ಅಂತಿಮ ಪಂದ್ಯ. ಹಿಂದೂ ತಂಡ 5 ವಿಕೆಟ್ಟಿಗೆ 581 ರನ್ ಮಾಡಿತು. ವಿಜಯ್ ಮರ್ಚಂಟ್ ಔಟಾಗದೆ 250. ಉಳಿದವರು ಮೊದಲ ಸರದಿಯಲ್ಲಿ 133ಕ್ಕೆ ಮುಗಿದರು. ಮತ್ತೆ ಆಡಲು ಬಂದಾಗ 60 ರನ್ನಿಗೆ 5 ವಿಕೆಟ್ ಹೋಗಿತ್ತು. ಒಂದು ತುದಿಯಲ್ಲಿ ವಿಜಯ್ ಇದ್ದರು. ಇನ್ನೊಂದು ತುದಿಗೆ ಬಂದವರು ವಿವೇಕ್.

ಇಬ್ಬರೂ ಸೇರಿ 300 ರನ್ ಕೂಡಿಸಿದರು. ಅದರಲ್ಲಿ ವಿವೇಕ್ ಮಾಡಿದ್ದು ಎಷ್ಟು ಗೊತ್ತೇ? ಕೇವಲ 21.

"ಅಷ್ಟ?" ಎಂದು ಹುಡುಗ ನಕ್ಕ.

ನಾನು ಕೇಳಿದೆ, "ಆ ಇಪ್ಪತ್ತೊಂದು ಇರಲಿಲ್ಲ ಅಂದ್ರ ಆ ಮುನ್ನೂರು ಆಗ್ತಿತ್ತೇನು?"

ಅವನು ಸುಮ್ಮನಾದ. ಕ್ರಿಕೆಟ್ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಒಬ್ಬನೇ ಎಷ್ಟು ಶೂರನಾದರೂ ಇನ್ನೊಂದು ತುದಿಯಲ್ಲಿ ಜೊತೆಗಾರನಿಲ್ಲದಿದ್ದರೆ ಆಟ ಮುಗಿದಂತೆಯೇ. ಹೊಡೆಯುವ ಆಸೆಯನ್ನು ಹಿಡಿದಿಟ್ಟುಕೊಳ್ಳಬೇಕು, ಬಂದ ಚೆಂಡನ್ನು ತಡೆಯಬೇಕು, ಅಣ್ಣತಮ್ಮಂದಿರಲ್ಲಿ ಯಾರು ಚೆನ್ನಾಗಿ ಆಡುತ್ತಿದ್ದಾರೋ ಅವರಿಗೆ ಚೆಂಡು ಸಿಗುವಂತೆ ಓಡಿ ಕೊಡಬೇಕು. ಚಪ್ಪಾಳೆ ಮಾತ್ರ ಎದುರಿನವರಿಗೆ. ವಿಜಯ್ ಆ ಸರದಿಯಲ್ಲಿ 309 ರನ್ ಹೊಡೆದರು. ಇಡೀ ತಂಡದ ಮೊತ್ತ 387. ನೂರಕ್ಕೆ ಹೆಚ್ಚುಕಡಿಮೆ ಎಂಬತ್ತು ಪಾಲು ಒಬ್ಬರದೇ!

ಇಷ್ಟಾದರೂ ಆ ಪಂದ್ಯವನ್ನು ಉಳಿದವರು ಗೆಲ್ಲಲಿಲ್ಲ. ಒಂದು ಇನಿಂಗ್ಸ್ ಮತ್ತು 61 ರನ್ನಿನಿಂದ ಸೋತರು. ಇದನ್ನು ಹುಡುಗನಿಂದ ಮುಚ್ಚಿಡಲಿಲ್ಲ. ಜೊತೆ ನಿಂತ ಮಾತ್ರಕ್ಕೆ ಗೆಲುವು ಬಂದೇ ಬರುತ್ತದೆ ಎಂದು ಮಕ್ಕಳಿಗೆ ಹೇಳಿದರೆ ಅದು ಸುಳ್ಳಾಗುತ್ತದೆ. ಆದರೆ ಸೋತ ಆ ಪಂದ್ಯವನ್ನು ಇಂದಿಗೂ ನೆನೆಯುತ್ತೇವೆ.

ಕೆಲವರಿಗೆ ಅವರದೇ ಆದ ದಿನವೂ ಬರುತ್ತದೆ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಗಾಬಾ ಎಂಬ ಮೈದಾನವಿದೆ. ಅಲ್ಲಿ ಕ್ರಿಕೆಟ್ಟೂ ಉಂಟು, ಬದಿಗೆ 18 ಜನ ಆಡುವ ಆ ದೇಶದ್ದೇ ಆದ ಫುಟ್‌ಬಾಲೂ ಉಂಟು. 2021ರ ಜನವರಿಯಲ್ಲಿ ಭಾರತ ತಂಡ ಅಲ್ಲಿಗೆ ಹೋದಾಗ ಕೊಹ್ಲಿ ಊರಿಗೆ ಮರಳಿದ್ದರು. ಬೂಮ್ರಾ, ಅಶ್ವಿನ್, ಜಡೇಜ, ಶಮಿ, ಉಮೇಶ್, ನಮ್ಮ ರಾಹುಲ್, ಎಲ್ಲರಿಗೂ ಪೆಟ್ಟು. ತಂಡಕ್ಕೆ ಅಭ್ಯಾಸದ ಬೌಲಿಂಗ್ ಮಾಡಲೆಂದು ಜೊತೆ ಹೋಗಿದ್ದ ತಮಿಳುನಾಡಿನ ನಟರಾಜನ್ ಅಂದು ಟೆಸ್ಟ್ ಆಡಿದರು. ವಾಷಿಂಗ್ಟನ್ ಸುಂದರ್‌ಗೂ ಅದೇ ಮೊದಲ ಟೆಸ್ಟ್. 186ಕ್ಕೆ 6 ವಿಕೆಟ್ ಬಿದ್ದಿದ್ದಾಗ ಅವರೂ ಶಾರ್ದೂಲ್ ಠಾಕೂರರೂ ಸೇರಿ 123 ರನ್ ಕೂಡಿಸಿದರು. ಅದೇ ಪ್ರವಾಸದ ನಡುವೆ ತಂದೆಯನ್ನು ಕಳೆದುಕೊಂಡಿದ್ದ ಸಿರಾಜ್ ಎರಡನೇ ಸರದಿಯಲ್ಲಿ 5 ವಿಕೆಟ್ ಕಿತ್ತರು. 1988ರಿಂದ ಆಸ್ಟ್ರೇಲಿಯಾ ಆ ಮೈದಾನದಲ್ಲಿ ಒಂದೂ ಟೆಸ್ಟ್ ಸೋತಿರಲಿಲ್ಲ. ಅಂದು ಸೋತಿತು.

ವಿಜಯ್ ಹಜಾರೆಯವರ ಹೆಸರಿನಲ್ಲೇ ಈಗ ರಾಜ್ಯ ತಂಡಗಳ ಏಕದಿನ ಟ್ರೋಫಿ ನಡೆಯುತ್ತದೆ. 2025ರ ಜನವರಿಯಲ್ಲಿ ಅದರ ಅಂತಿಮ ಪಂದ್ಯ ಹಜಾರೆಯವರು ಬಾಳಿದ ವಡೋದರದಲ್ಲೇ ಆಯಿತು. ಎದುರಾಳಿ ವಿದರ್ಭದ ನಾಯಕ ಒಂದು ಕಾಲಕ್ಕೆ ನಮ್ಮವರೇ ಆಗಿದ್ದ ಕರುಣ್ ನಾಯರ್. ಕರ್ನಾಟಕದ ಮಯಂಕ್ ಅಗರ್ವಾಲ್, ದೇವದತ್ತ ಪಡಿಕ್ಕಲ್ ಬೇಗನೆ ಮರಳಿದರು. 67ಕ್ಕೆ 3. ಆಗ ನಿಂತವರು ಇನ್ನೂ ಇಪ್ಪತ್ತೊಂದರ ಹುಡುಗ ಸ್ಮರಣ್ ರವಿಚಂದ್ರನ್, ಜೊತೆಗೆ ಶ್ರೀಜಿತ್, ಆಮೇಲೆ ಅಭಿನವ್ ಮನೋಹರ್. ಸ್ಮರಣ್ 101, ಶ್ರೀಜಿತ್ 78, ಅಭಿನವ್ 79. ಕರ್ನಾಟಕ 348 ರನ್ ಮಾಡಿ, 36 ರನ್ನಿನಿಂದ ಗೆದ್ದು ಐದನೆಯ ಬಾರಿ ಆ ಟ್ರೋಫಿ ತಂದಿತು.

ಇವರೆಲ್ಲ ಒಂದೇ ರಾತ್ರಿಯಲ್ಲಿ ಆಟ ಕಲಿತವರಲ್ಲ. ಯಾರೂ ನೋಡದ ದಿನಗಳಲ್ಲಿ ಬೆವರು ಸುರಿಸಿದ್ದಕ್ಕೇ ಕರೆ ಬಂದ ದಿನ ಕೈ ನಡುಗಲಿಲ್ಲ. ಸುಂದರ್, ಸ್ಮರಣ್ ಇವರ ಹೆಸರು ಪತ್ರಿಕೆಯಲ್ಲಿ ಬಂತು. ವಿವೇಕ್ ಹಜಾರೆಯವರ ಹೆಸರು ಅಣ್ಣತಮ್ಮಂದಿರ ಕಥೆಯ ಬದಿಯಲ್ಲಿ ಉಳಿಯಿತು. ತಂಡಕ್ಕೆ ಇಬ್ಬರೂ ಬೇಕು. ಮನೆಗೂ ಅಷ್ಟೇ.

ನಾನು ಊರಿಗೆ ಮರಳಿದ ಎರಡು ವಾರಕ್ಕೆ ತಂಗಿಯ ಫೋನು ಬಂತು. ಹುಡುಗ ತಂಡದ ಜೊತೆ ಹೋಗಿದ್ದನಂತೆ. ಆಡಲು ಸಿಗಲಿಲ್ಲ. ನೀರು ಕೊಟ್ಟ, ಸ್ಕೋರು ಬರೆದ, ಬಿಸಿಲಿಗೆ ಕರಿ ಆಗಿ ಬಂದ. ಆದರೂ ಬಂದಾಗಿನಿಂದ ಅವನ ಮಾತು ನಿಂತೇ ಇಲ್ಲವಂತೆ. ಆಮೇಲೆ ತಂಗಿ ಸ್ವಲ್ಪ ತಡೆದು ಹೇಳಿದಳು:

"ಅಣ್ಣಾ, ನೀ ಕಥಿ ಹೇಳಿದ್ದು ಅವಂಗ. ನಾನೂ ಒಳಗ ಕೇಳಾಕತ್ತಿದ್ದೆ. ದಿನಾ ಬಿಸಿ ರೊಟ್ಟಿ ಮೊದಲ ದೊಡ್ಡಾಂವಗ ಹಾಕ್ತಿದ್ದೆ ನೋಡು. ಯಾಕ ಹಂಗ ಮಾಡ್ತಿದ್ನೋ ನನಗ ಗೊತ್ತಿಲ್ಲ. ಈಗ ಒಂದಿನ ಅವಂಗ, ಒಂದಿನ ಇವಂಗ."

ನನಗೆ ಮಾತು ಹೊರಡಲಿಲ್ಲ. ಕಥೆ ಹೇಳಿದ ನಾನೇ ಆ ರೊಟ್ಟಿಯನ್ನು ಗಮನಿಸಿರಲಿಲ್ಲ.

ಪ್ರಿಯ ತಂದೆತಾಯಂದಿರೇ, ನಮ್ಮ ಮನೆಗಳಲ್ಲೂ ಇಂಥ ಹನ್ನೆರಡನೆಯವರಿದ್ದಾರೆ. ಬಹುಮಾನ ತರದ ಮಗ, ಅಕ್ಕನ ಹಳೆಯ ಪುಸ್ತಕದಲ್ಲೇ ಓದುವ ಮಗಳು, ಎಲ್ಲರ ಊಟವಾದ ಮೇಲೆ ಉಣ್ಣುವ ಸೊಸೆ, ಹಬ್ಬದ ದಿನ ಫೋಟೋದಲ್ಲಿ ಇಲ್ಲದ ಅಡುಗೆಯವರು. "ಅವರನ್ನು ನೋಡಿ ಕಲಿ" ಎಂದು ಹೇಳುವ ಮೊದಲು, ಅವರಿಲ್ಲದಿದ್ದರೆ ನಮ್ಮ ಮನೆಯ 387ರಲ್ಲಿ ಎಷ್ಟು ಉಳಿಯುತ್ತಿತ್ತು ಎಂದು ಲೆಕ್ಕ ಹಾಕೋಣ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವರಲ್ಲಿ ಒಬ್ಬರ ಹೆಸರು ಹಿಡಿದು ಒಂದು ಒಳ್ಳೆಯ ಮಾತು ಹೇಳೋಣ. ಬಿಸಿ ರೊಟ್ಟಿಯೂ ಮೊದಲು ಅವರ ತಟ್ಟೆಗೇ ಬೀಳಲಿ.