ಗುಟ್ಟಾಗಿ ಮಾತ್ರೆ ಬೆರೆಸಬೇಡಿ

ಮನೆಯವರ ಕುಡಿತ ಬಿಡಿಸಲು ಯಾರೋ ಹೇಳಿಕೊಟ್ಟ ಮಾತ್ರೆಯನ್ನು ಸಾರಿಗೋ ಕಾಫಿಗೋ ಗೊತ್ತಾಗದಂತೆ ಬೆರೆಸುವ ಯೋಚನೆ ನಿಮಗೂ ಬಂದಿರಬಹುದು. ನಿಮ್ಮ ಸಂಕಟ ಅರ್ಥವಾಗುತ್ತೆ. ಆದರೆ ದಯವಿಟ್ಟು ಆ ಕೆಲಸ ಮಾಡಬೇಡಿ.

ಅದು ಸಾಮಾನ್ಯವಾಗಿ ಡೈಸಲ್ಫಿರಾಮ್ ಮಾತ್ರೆ. ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಡವ ಹೊಡೆದುಕೊಂಡು ರಕ್ತದೊತ್ತಡ ಕುಸಿಯಬಹುದು, ಪ್ರಾಣಕ್ಕೇ ಅಪಾಯ. ಮಾತ್ರೆ ನಿಲ್ಲಿಸಿದ ಮೇಲೂ 2 ವಾರದವರೆಗೆ ಪ್ರಭಾವ ಉಳಿಯಬಹುದು. ಅವರು ಒಪ್ಪಿ, ವೈದ್ಯರು ಪರೀಕ್ಷಿಸಿ ಕೊಟ್ಟರೆ ಮಾತ್ರ ಅದು ಔಷಧ.

"ನಾಳೆಯಿಂದಲೇ ಬಿಟ್ಟುಬಿಡಿ" ಅಂತ ಹಟ ಹಿಡಿಯೋದೂ ಸರಿಯಲ್ಲ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಬುದ್ಧಿಭ್ರಮೆ ಬರಬಹುದು. ಮೊದಲ ಕೆಲವು ದಿನ ವೈದ್ಯರ ನಿಗಾ ಬೇಕೇ ಬೇಕು. ಆಮೇಲೆ ಕುಡಿಯುವ ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್ ಥರದ ಮಾತ್ರೆಗಳಿವೆ.

ಮಾತ್ರೆ ತುಡಿತ ತಗ್ಗಿಸೀತು. ಆದರೆ ಸಂಬಳದ ದಿನ ಗೆಳೆಯ ಕರೆದಾಗ 'ಬೇಡ' ಅನ್ನೋದನ್ನು ಅದು ಕಲಿಸೋದಿಲ್ಲ. ಅದಕ್ಕೇ ಆಪ್ತಸಮಾಲೋಚನೆ. ಯಾವಾಗ, ಯಾಕೆ ಕುಡಿಯಬೇಕೆನಿಸುತ್ತೆ, ಆಗ ಏನು ಮಾಡಬೇಕು ಅನ್ನೋದನ್ನು ಅಲ್ಲಿ ಕಲಿಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಎರಡೂ ಬಗೆಯ ಚಿಕಿತ್ಸೆ ಸಿಗುತ್ತೆ. ದೂರದವರು ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಸಲಹೆ ಕೇಳಬಹುದು.

ಚಿಕಿತ್ಸೆಯ ನಡುವೆ ಮತ್ತೆ ಕುಡಿದರೆ "ಎಲ್ಲ ಮುಗೀತು" ಅಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆಯ ಹಾಗೆ ಇದಕ್ಕೂ ದೀರ್ಘಕಾಲದ ಆರೈಕೆ ಬೇಕು. ಮತ್ತೆ ಕರೆದುಕೊಂಡು ಹೋಗಿ. ಅವರು ಬರಲೊಪ್ಪದಿದ್ದರೆ ನೀವೊಬ್ಬರೇ ಹೋಗಿ ಕೇಳಿ. ಅದರಲ್ಲಿ ನಾಚಿಕೆಯೇನೂ ಇಲ್ಲ.