ಸಿಲ್ವರ್ ಓಕ್ ಹಲಗೆ, ಮಳೆಗಾಲದ ಮದ್ದಳೆ

ಆಷಾಢದ ಮಳೆ ಹಿಡಿಯಿತೆಂದರೆ ನಮ್ಮ ಕಳಸದ ಕಡೆ ಮದ್ದಳೆಯ ಚರ್ಮ ಸಡಿಲ, ಹುಡುಗರ ಅಭ್ಯಾಸವೂ ಸಡಿಲ. ಅದಕ್ಕೆಂದು ದುಬಾರಿ ಎಲೆಕ್ಟ್ರಾನಿಕ್ ಪ್ಯಾಡ್ ಕೊಡಿಸಬೇಡಿ ಎಂಬುದು ನನ್ನ ವಾದ. ತೋಟದ ಸಿಲ್ವರ್ ಓಕ್ ಹಲಗೆಯೊಂದಕ್ಕೆ ಕಂಪನ ಹಿಡಿಯುವ ಪೀಜೋ ಬಿಲ್ಲೆ ಅಂಟಿಸಿ, ಆಡಿಯೊ ಇಂಟರ್‌ಫೇಸ್ ಮೂಲಕ ಐಪ್ಯಾಡ್‌ಗೆ ಜೋಡಿಸಿ. ಇಂಪ್ಯಾಕ್ಟರ್‌ನಂಥ ಆ್ಯಪ್ ಹಲಗೆಯ ಕಂಪನವನ್ನೇ ತಾಳವಾದ್ಯದ ದನಿಯಾಗಿಸುತ್ತದೆ. ಉಗುರು ತಾಗಿದರೆ ಒಂದು ನಾದ, ಅಂಗೈ ಬಿದ್ದರೆ ಇನ್ನೊಂದು. ರೆಕಾರ್ಡ್ ಮಾಡಿಟ್ಟ ಒಂದೇ ಪೆಟ್ಟನ್ನು ಮತ್ತೆ ಮತ್ತೆ ಒದರುವ ಅಗ್ಗದ ಪ್ಯಾಡಿಗೆ ಈ ಸೂಕ್ಷ್ಮ ಎಲ್ಲಿಂದ ಬರಬೇಕು?

ಇನ್ನೊಂದು ಲಾಭ ಮಲೆನಾಡಿನವರಿಗೇ ಚೆನ್ನಾಗಿ ಅರ್ಥವಾಗುವಂಥದ್ದು. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಮಾಮೂಲಿ ಮೈಕಿಗೆ ಮಳೆಯೇ ಕೇಳುತ್ತದೆ. ಪೀಜೋ ಹಾಗಲ್ಲ, ಮರಕ್ಕೆ ಅಂಟಿಕೊಂಡ ಕಿವಿ ಅದು. ಗಾಳಿಯಲ್ಲಿ ಬರುವ ಸದ್ದು ಅದನ್ನು ಅಷ್ಟಾಗಿ ತಟ್ಟದು. ಹರಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಕ್ಯೂರಿ ಸಹೋದರರು 1880ರಲ್ಲೇ ತೋರಿಸಿದ್ದರಲ್ಲ, ಅದೇ ತತ್ತ್ವ. ಇಂಟರ್‌ಫೇಸ್‌ನಲ್ಲಿ ಗಿಟಾರ್‌ಗೆಂದೇ ಇರುವ ಕಿಂಡಿಗೆ ಸಿಕ್ಕಿಸಿ, ಇಲ್ಲದಿದ್ದರೆ ಮಂದ್ರವೆಲ್ಲ ಸೋರಿ ದನಿ ಪೀಚಾಗುತ್ತದೆ. ಆ್ಯಪ್‌ನ ಆಡಿಯೊ ಬಫರ್ ಅನ್ನು 128 ಸ್ಯಾಂಪಲ್‌ಗೆ ಇಳಿಸಿ. ಬೆರಳು ಬಿದ್ದ ಮೇಲೆ ದನಿಗೆ ಕಾಯುವಂತಾಗಬಾರದು.

ಆದರೆ ಮಳೆಗಾಲದ ತಾಳಮದ್ದಳೆ ಕೂಟಕ್ಕೆ ಯಾರಾದರೂ ಈ ಹಲಗೆ ಹೊತ್ತು ತಂದರೆ ನಾನು ಎದ್ದು ಹೋಗುವವನೇ. ಕರೆಂಟು ಹೋದರೂ ಪ್ರಸಂಗ ನಡೆಯಬೇಕಲ್ಲ.